ಗುಂಡ್ಲುಪೇಟೆಯ ಬಿಳಿ ಮಣ್ಣು

ಗೌಸ್ ಮೊಹಿದ್ದೀನ್ ಗುಂಡ್ಲುಪೇಟೆ ಬಸ್ಸಿನಿಂದ ಇಳಿದು ಬಂದು ಮಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟಾಗಲೇ ಶಿವರುದ್ರಸ್ವಾಮಿಯ ಹೊಟ್ಟೆಯಲ್ಲಿ ಉರಿ ಹತ್ತಿತು. ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಮಾಡಿದ ಗೆಳೆಯರು ಇಬ್ಬರೂ. ಈಗ ಶಿವರುದ್ರಸ್ವಾಮಿ ಚಾಮರಾಜನಗರದಲ್ಲಿ ವಿಜ್ಞಾನದ ಮೇಷ್ಟ್ರು, ಗೌಸ್ ಗುಂಡ್ಲುಪೇಟೆಯಲ್ಲಿ ಅಪ್ಪನ ಎಣ್ಣೆ ಅಂಗಡಿಯಲ್ಲಿ. ಅವರ ಹಳೆಯ ಪ್ರೊಫೆಸರು ಎಣ್ಣೆಯ ಬಣ್ಣ ತೆಗೆಯುವ ಜೇಡಿಮಣ್ಣುಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಅವರಿಗೊಬ್ಬ ಸಹಾಯಕ ಬೇಕಾಗಿತ್ತು. ಇಬ್ಬರೂ ಒಂದೊಂದು ಮಣ್ಣು ಹುಡುಕಿ ತರಬೇಕು, ಯಾರ ಮಣ್ಣು ಮೇಲೋ ಅವನು ಮೈಸೂರಿಗೆ, ಇನ್ನೊಬ್ಬ ಇದ್ದಲ್ಲೇ. ಕನ್ನಡ ನಾಡೆಲ್ಲ ಒಂದು ರಾಜ್ಯವಾದ ಮಾರನೆಯ ವರ್ಷದ ಬೇಸಿಗೆ ಅದು.

ಶಿವರುದ್ರಸ್ವಾಮಿ ಉಡಿಗಾಲ, ಹರದನಹಳ್ಳಿ ಅಂತ ಬಿಸಿಲಲ್ಲಿ ಅಲೆದು, ಅಗೆದು, ಬೊಬ್ಬೆ ಎದ್ದ ಕೈಯಲ್ಲಿ ತನ್ನ ಮಣ್ಣು ತಂದಿದ್ದ. ಗೌಸ್‌ನದು ಹಾಗಲ್ಲ. ಕೆರೆಯಲ್ಲಿ ಕಾಲು ತೊಳೆಯಲು ಇಳಿದು, ಜಾರಿ ಬಿದ್ದು, ಬಿದ್ದಲ್ಲೇ ಸಿಕ್ಕಿದ ಮಣ್ಣಂತೆ ಅದು. ನಗುತ್ತಾ ಹೇಳಿಕೊಂಡ ಪುಣ್ಯಾತ್ಮ. ಅಂಗಡಿ ಬಿಟ್ಟಿರಲು ಆಗದು, ನಿನ್ನದರ ಜೊತೆ ಇದನ್ನೂ ಒಣಗಿಸಿ ಪುಡಿ ಮಾಡಿಡು ಎಂದು ಚೀಲ ಒಪ್ಪಿಸಿ ಸಂಜೆ ಬಸ್ಸಿಗೇ ಹೊರಟುಹೋದ.

ಅವನು ಅತ್ತ ಹೋಗಿದ್ದೇ ತಡ, ಇವನು ಇತ್ತ ಎರಡರಲ್ಲೂ ಒಂದೊಂದು ಹಿಡಿ ಒಣಗಿಸಿ ಪರೀಕ್ಷಿಸಿದ. ಬಿಸಿ ಮಾಡಿದ ಕಡಲೆಕಾಯಿ ಎಣ್ಣೆಗೆ ಮಣ್ಣು ಕಲಸಿ ಸೋಸಿದರೆ, ಒಳ್ಳೆಯ ಮಣ್ಣು ಬಣ್ಣವನ್ನೆಲ್ಲ ತನ್ನ ಮೈಗೆ ಅಂಟಿಸಿಕೊಂಡು ಎಣ್ಣೆಯನ್ನು ತಿಳಿಯಾಗಿ ಬಿಡುತ್ತದೆ. ಇವನ ಎಣ್ಣೆ ಒಂದಿಷ್ಟು ತಿಳಿಯಾದರೂ ಹಳದಿ ಪೂರ್ತಿ ಹೋಗಲಿಲ್ಲ. ಗೌಸ್‌ನದು ನೀರಿನ ಹಾಗಿತ್ತು. ಕಾಲೇಜಿನಲ್ಲೂ ಹೀಗೇ. ಓದುವವನು ಇವನು, ನಂಬರು ಅವನಿಗೆ.

ಜೇಡಿಮಣ್ಣನ್ನು ಬಿಸಿಲಿಗೆ ಒಣಗಿಸಿದರೆ ಅದರ ಗುಣ ಉಳಿಯುತ್ತದೆ, ಮಡಕೆಯಂತೆ ಸುಟ್ಟರೆ ಸತ್ತುಹೋಗುತ್ತದೆ. ಶಿವರುದ್ರಸ್ವಾಮಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾರನೆಯ ದಿನ ಗೌಸ್‌ನ ಚೀಲ ಹೊತ್ತು ಕುಂಬಾರರ ಆವಿಗೆಗೆ ಹೋಗಿ ಸುಡಿಸಿದ. ಸುಟ್ಟರೂ ಬಿಳಿಯಾಗಿಯೇ ಇದ್ದ ಮಣ್ಣನ್ನು ಕುಟ್ಟಿ ಪುಡಿ ಮಾಡಿ ಮತ್ತೆ ಚೀಲಕ್ಕೆ ತುಂಬಿದ. ಮನಸ್ಸು ಹಗುರವಾಯಿತು ಅಂದರೆ ಸುಳ್ಳಲ್ಲ.

ಪ್ರೊಫೆಸರೂ ಗೌಸೂ ಬಂದ ದಿನ ಶಾಲೆಗೆ ರಜೆ, ಪರೀಕ್ಷೆ ಇವನ ಮನೆಯ ಪಡಸಾಲೆಯಲ್ಲೇ ನಡೆಯಿತು. ಶಿವರುದ್ರಸ್ವಾಮಿಯ ಎಣ್ಣೆ ಒಂದಿಷ್ಟು ತಿಳಿಯಾಯಿತು. ಗೌಸ್‌ನದು ಹಾಕಿದ ಹಾಗೇ ಇತ್ತು. ಪ್ರೊಫೆಸರು ಹೋಗಲಿ ಬಿಡಿ ಎಂದು ಶಿವರುದ್ರಸ್ವಾಮಿಯ ಕಡೆ ತಿರುಗಿದರು. ಗೌಸ್ ಒಂದು ಚಿಟಿಕೆ ಪುಡಿಗೆ ನೀರು ಹಾಕಿ ಬೆರಳಲ್ಲಿ ತೀಡಿದ. ಸೋಪಿನಂತೆ ಜಾರಬೇಕಿದ್ದ ಮಣ್ಣು ಮರಳಿನಂತೆ ತರಿತರಿ ಎಂದಿತು.

ಕಾಫಿ ತಂದಿದ್ದ ಶಿವರುದ್ರಸ್ವಾಮಿಯ ಹೆಂಡತಿ ಪುಟ್ಟಮಲ್ಲಮ್ಮನಿಗೆ ಗೌಸ್‌ನ ಸಪ್ಪೆ ಮುಖ ನೋಡಿ ಕನಿಕರವಾಯಿತು. ಬಚ್ಚಲಿಗೆ ಹೋಗಿ ಒಂದು ಕುಡಿಕೆ ತಂದು ಅವನ ಮುಂದಿಟ್ಟಳು.

"ನಿಮ್ ಮಣ್ಣು ತಲೆ ಉಜ್ಕೊಳಕ್ಕೆ ಚೆಂದಾಗದೆ ಅಂತ ಒಂದ್ ಬೊಗಸೆ ಎತ್ತಿಟ್ಕಂಡಿದ್ದೆ ಕಣಣ್ಣ. ಇವರು ಆವಿಗೇಲಿ ಸುಡ್ಸಕ್ಕೆ ಮುಂಚಿನದು. ಸುಡ್ದೆ ಇರೋದು ಆಯ್ತದಾ?"

ಶಿವರುದ್ರಸ್ವಾಮಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪ್ರೊಫೆಸರು ಕುಡಿಕೆಯ ಮಣ್ಣನ್ನು ತಾವೇ ಎಣ್ಣೆಗೆ ಕಲಸಿ ಸೋಸಿದರು. ಗಾಜಿನ ಲೋಟದಾಚೆ ಗೋಡೆಯ ಗೆರೆ ಕೂಡ ಕಾಣುವಷ್ಟು ಎಣ್ಣೆ ತಿಳಿಯಾಯಿತು. ಅವರು ಲೋಟ ಕೆಳಗಿಟ್ಟು, ಸುಡಿಸಿದ್ದು ಯಾಕೆ ಎಂದು ಮೇಷ್ಟ್ರನ್ನು ಕೇಳಿದರು.

ಗೌಸ್ ಶಿವರುದ್ರಸ್ವಾಮಿಯ ಮುಖವನ್ನು ಒಂದು ಗಳಿಗೆ ನೋಡಿದ. ಎಲ್ಲ ಅರ್ಥವಾಗಿದೆ ಅಂತ ಆ ನೋಟದಲ್ಲೇ ಇತ್ತು.

"ತಪ್ಪು ನನ್ನದೇ ಸಾರ್," ಅಂದ. "ಚೆನ್ನಾಗಿ ಕಾಯಿಸಿಡು ಅಂತ ನಾನೇ ಹೇಳಿ ಹೋಗಿದ್ದೆ."

ಪ್ರೊಫೆಸರು ನಂಬಿದರು. ಮೈಸೂರಿಗೆ ಗೌಸ್‌ನ ಹೆಸರು ಬರೆದುಕೊಂಡರು. ಪುಟ್ಟಮಲ್ಲಮ್ಮ, ಎಂಥಾ ಒಳ್ಳೇ ಮನುಷ್ಯ ಎಂದು ಗಂಡನ ಎದುರೇ ಅವನನ್ನು ಹೊಗಳಿದಳು. ಮಾನ ಉಳಿಯಿತು ಎಂದು ಶಿವರುದ್ರಸ್ವಾಮಿ ಕೈ ಮುಗಿಯಬೇಕಿತ್ತು. ಆದರೆ ಬಸ್ಸಿಗೆ ಹೊರಟ ಗೆಳೆಯನ ಬೆನ್ನು ನೋಡುತ್ತಾ ನಿಂತವನಿಗೆ, ಆ ಒಳ್ಳೆಯತನವೂ ಅವನಿಗೇ ಸಿಕ್ಕಿತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.