ಬೋರ್ಡಿನ ಮೇಲಿನ ತಾಯಿ

ಪಾಠ ಹೇಳಿದ ಮೂವತ್ತೈದು ವರ್ಷದಲ್ಲಿ ತಮ್ಮ ತರಗತಿಯ ಒಂದು ಮಗುವೂ ಫೇಲಾಗಲಿಲ್ಲ ಎನ್ನುವುದು ಟೀಚರಮ್ಮನ ಹೆಮ್ಮೆ. ಅದರ ಗುಟ್ಟೇನೂ ದೊಡ್ಡದಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಬಾಯಿಪಾಠ ಮಾಡಿಸುವುದು, ಒಂದು ಅಕ್ಷರ ಆಚೀಚೆಯಾಗದ ಹಾಗೆ ಒಪ್ಪಿಸಿಕೊಳ್ಳುವುದು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಕೈಗೆ ಸೀಮೆಸುಣ್ಣ ಸಿಗದೆ ಚಡಪಡಿಸುತ್ತಿದ್ದ ಅವರು ಹಾಲಿನವನ ಚೀಟಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸುತ್ತಿದ್ದರು.

ಅಂಥ ಹೊತ್ತಿನಲ್ಲಿ ಬಡಾವಣೆಯ ಸರ್ಕಾರಿ ಆಸ್ಪತ್ರೆಯ ಗೋಡೆಗೆ ನೋಟೀಸು ಬಿತ್ತು. ಆಸ್ಪತ್ರೆಯನ್ನು ಹೆದ್ದಾರಿಯ ಆಚೆಗಿನ ಕಟ್ಟಡಕ್ಕೆ ಸ್ಥಳಾಂತರಿಸಲಾಗುವುದು, ಆಕ್ಷೇಪಣೆ ಇದ್ದವರು ಆರು ವಾರದ ನಂತರ ಸಾರ್ವಜನಿಕ ಸಭೆಯಲ್ಲಿ ತಲಾ ಎರಡು ನಿಮಿಷ ಮಾತಾಡಬಹುದು. ಆ ಹೆದ್ದಾರಿಯನ್ನು ಓಡಿ ದಾಟುವಷ್ಟು ಗಟ್ಟಿ ಇರುವವನಿಗೆ ಆಸ್ಪತ್ರೆಯೇ ಬೇಕಾಗುವುದಿಲ್ಲ ಎನ್ನುವುದು ಬಡಾವಣೆಯವರಿಗೆಲ್ಲ ಗೊತ್ತಿತ್ತು. ಅದನ್ನು ಹೇಳುವ ಬಾಯಿ ಮಾತ್ರ ಯಾರಿಗೂ ಇರಲಿಲ್ಲ.

ಟೀಚರಮ್ಮ ಸೆರಗು ಕಟ್ಟಿ ನಿಂತರು. ಅಧಿಕಾರಿಗಳ ಮುಂದೆ ಜನ ತಮ್ಮ ಮಾತು ನಡೆಸಿಕೊಳ್ಳುವುದು ಹೇಗೆಂದು ಕಲಿಸುವ ತರಬೇತಿ ಪೇಟೆಯಲ್ಲಿ ಎರಡು ದಿನ ನಡೆಯಿತು. ಹೋಗಿ ಮುಂದಿನ ಬೆಂಚಿನಲ್ಲೇ ಕೂತರು. ಅಲ್ಲಿ ಪಾಠ ಮಾಡಿದವಳು ಮೊಮ್ಮಗಳ ವಯಸ್ಸಿನ ಹುಡುಗಿ. "ಅಂಕಿಅಂಶ ಓದಿದ್ರೆ ಅಧಿಕಾರಿ ಆಕಳಿಸ್ತಾರೆ. ನಿಮ್ಮ ಕಥೆ ಹೇಳಿ, ಪೆನ್ನು ಕೆಳಗಿಡ್ತಾರೆ" ಎಂದಳು. ಟೀಚರಮ್ಮ ಅದನ್ನು ಹಾಗೇ ಬರೆದುಕೊಂಡು, ಎರಡು ಸಲ ಅಡಿಗೆರೆ ಎಳೆದು, ಬಸ್ಸಿನಲ್ಲಿ ಊರು ತಲುಪುವಷ್ಟರಲ್ಲಿ ಬಾಯಿಪಾಠ ಮಾಡಿಕೊಂಡರು.

ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಸಂಜೆ ತರಗತಿ ಶುರುವಾಯಿತು. ದರ್ಜಿ ಬಂದ, ನಿವೃತ್ತ ಬಸ್ ಕಂಡಕ್ಟರು ಬಂದರು, ಕೆಳಗೆ ಗಿರಣಿ ನಿಲ್ಲಿಸಿ ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡ ಗಿರಣಿಯವಳೂ ಬಂದು ಮೂಲೆಯಲ್ಲಿ ಕೂತಳು. ಟೀಚರಮ್ಮ ಬೋರ್ಡಿನ ಮೇಲೆ ಒಂದು ಮಾದರಿ ಬರೆದರು: 'ನನ್ನ ತಾಯಿಗೆ ಎಪ್ಪತ್ತೆರಡು ವರ್ಷ. ಕಳೆದ ಮಂಗಳವಾರ ಹೆದ್ದಾರಿ ದಾಟುವಾಗ ಅವರ ಚಪ್ಪಲಿ ಕಳಚಿತು. ಎತ್ತಿಕೊಳ್ಳಲು ಬಗ್ಗಿದಾಗ ಲಾರಿಯೊಂದು ಅಬ್ಬರಿಸುತ್ತ ಬಂತು. ಚಪ್ಪಲಿ ಹೋಯಿತು, ತಾಯಿ ಉಳಿದರು. ಮುಂದಿನ ಸಲ ಚಪ್ಪಲಿ ಉಳಿದೀತು.' ಕೊನೆಯ ವಾಕ್ಯದ ಬಗ್ಗೆ ಅವರಿಗೇ ಒಳಗೊಳಗೆ ಬಹಳ ಖುಷಿಯಿತ್ತು.

"ಇದು ಬರೀ ಮಾದರಿ. ಈಗ ಒಬ್ಬೊಬ್ಬರೂ ನಿಮ್ಮ ನಿಮ್ಮದು ಹೇಳಿ."

ಮೊದಲು ಎದ್ದವಳು ಗಿರಣಿಯವಳೇ. "ನಮ್ಮನೆಯವರ ಕಾಲು, ಟೀಚರ್... ಹುಣ್ಣಾಗಿ, ಅದು ಸಕ್ಕರೆ ಕಾಯಿಲೆ... ಗಾಡೀಲಿ, ಅಂದ್ರೆ ಹಿಟ್ಟಿನ ಗಾಡೀಲಿ..."

"ಏನಮ್ಮಾ ಇದು, ತಲೆ ಬುಡ ಇಲ್ಲದ ಮಾತು! ಕಾಲು ಗಾಡೀಲಿ ಹೋಯ್ತಾ? ಬೋರ್ಡು ನೋಡು. ಎಷ್ಟು ಚೊಕ್ಕವಾಗಿದೆ."

ಅವಳು ಬೋರ್ಡು ನೋಡಿದಳು. ಉಳಿದವರೂ ನೋಡಿದರು. ಆಮೇಲೆ ಸ್ವಂತದ್ದನ್ನು ಯಾರೂ ತರಲಿಲ್ಲ. ಆರು ವಾರ ಕಳೆಯುವಷ್ಟರಲ್ಲಿ ಎಲ್ಲರೂ ನೀರು ಕುಡಿದಷ್ಟು ಸುಲಭವಾಗಿ ಮಾತಾಡುತ್ತಿದ್ದರು. ನಡುವೆ ತಡೆದರೆ ಮಾತ್ರ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಸಭೆಯಲ್ಲಿ ಯಾರು ತಡೆಯುತ್ತಾರೆ ಎಂದುಕೊಂಡು ಟೀಚರಮ್ಮ ಎಲ್ಲರನ್ನೂ ಪಾಸು ಮಾಡಿಬಿಟ್ಟರು.

ಸಭೆಯ ದಿನ ದರ್ಜಿ ಮೊದಲು ಮಾತಾಡಿದ. ಅಧಿಕಾರಿ ನಿಜಕ್ಕೂ ಪೆನ್ನು ಕೆಳಗಿಟ್ಟರು. ಟೀಚರಮ್ಮ ಉಬ್ಬಿಹೋದರು. ಆಮೇಲೆ ಕಂಡಕ್ಟರು ಎದ್ದು ಗಂಟಲು ಸರಿಮಾಡಿಕೊಂಡು, "ನನ್ನ ತಾಯಿಗೆ ಎಪ್ಪತ್ತೆರಡು ವರ್ಷ" ಎಂದರು. ದರ್ಜಿ ಈಗಷ್ಟೇ ಹೇಳಿದ್ದೂ ಇದೇ ತಾಯಿಯ ಕಥೆ ಎಂಬುದು ಟೀಚರಮ್ಮನಿಗೆ ಆಗ ಹೊಳೆಯಿತು. ಬಾಯಿಪಾಠದ ಮಾತು ಎಲ್ಲೂ ಮುಗ್ಗರಿಸದೆ ಚಪ್ಪಲಿಯ ಮೇಲೆ, ಲಾರಿಯ ಮೇಲೆ ಹಾದು ಕೊನೆಯ ವಾಕ್ಯದವರೆಗೂ ಸರಾಗವಾಗಿ ಹೋಯಿತು. ಮೂರನೆಯವಳಾಗಿ ಗಿರಣಿಯವಳು ಎದ್ದಳು.

"ನನ್ನ ತಾಯಿಗೆ ಎಪ್ಪತ್ತೆರಡು ವರ್ಷ. ಕಳೆದ ಮಂಗಳವಾರ..."

"ಸ್ವಲ್ಪ ನಿಲ್ಲಿಸಮ್ಮ."

"ನನ್ನ ತಾಯಿಗೆ ಎಪ್ಪತ್ತೆರಡು ವರ್ಷ..."

"ಇಲ್ಲಿ ಎಲ್ಲರ ತಾಯಿಗೂ ಎಪ್ಪತ್ತೆರಡೇನಾ?" ಅಧಿಕಾರಿ ಕನ್ನಡಕ ತೆಗೆದು ಕಂಡಕ್ಟರ ಕಡೆ ತಿರುಗಿದರು. "ಯಜಮಾನರೇ, ನಿಮಗೆಷ್ಟು ವಯಸ್ಸು?"

"ಅರವತ್ತೆಂಟು, ಸಾರ್."

ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನವನೊಬ್ಬ ನಗುತ್ತ ನಗುತ್ತ ಕುರ್ಚಿಯಿಂದ ಜಾರಿದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಟೀಚರಮ್ಮನಿಗೆ. ಮಾನ ಹೋದದ್ದು ಒಂದು ಕಡೆ, ಅದರ ಜೊತೆಗೆ ಆಸ್ಪತ್ರೆಯೂ ಹೊರಟಿತ್ತು.

ಅಧಿಕಾರಿ ಫೈಲು ಮುಚ್ಚಿ ಎದ್ದು ನಿಂತರು. "ಸದರಿ ಸ್ಥಳಾಂತರವು ಸಾರ್ವಜನಿಕ ಹಿತದೃಷ್ಟಿಯಿಂದ, ಲಭ್ಯವಿರುವ ಸಂಪನ್ಮೂಲಗಳ ಸಮರ್ಪಕ ಬಳಕೆಯನ್ನು ಗಮನದಲ್ಲಿಟ್ಟುಕೊಂಡು..." ಕಣ್ಣು ಛಾವಣಿಯಲ್ಲಿತ್ತು. ಮೈ ಸಣ್ಣಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಆ ತೂಗಾಟವನ್ನು ಟೀಚರಮ್ಮ ಮೂವತ್ತೈದು ವರ್ಷ ನೋಡಿದ್ದರು. ತಮಗರಿವಿಲ್ಲದೆ ಕೈ ಎತ್ತಿದರು.

"ಒಂದು ನಿಮಿಷ, ಸಾರ್."

ಅಧಿಕಾರಿ ಮಾತು ನಿಲ್ಲಿಸಿದರು. ತಡವರಿಸಿದರು. "ಸದರಿ ಸ್ಥಳಾಂತರವು ಸಾರ್ವಜನಿಕ ಹಿತದೃಷ್ಟಿಯಿಂದ..."

ಈ ಸಲದ ನಗು ಮೊದಲಿನದಕ್ಕಿಂತ ಜೋರಾಗಿತ್ತು. ಟೀಚರಮ್ಮ ಮಾತ್ರ ನಗಲಿಲ್ಲ. "ಇವರಿಗೆ ಬಾಯಿಪಾಠ ಮಾಡಿಸಿದ್ದು ನಾನು. ಆ ತಾಯಿ ನನ್ನ ಬೋರ್ಡಿನ ಮೇಲೆ ಹುಟ್ಟಿದ ತಾಯಿ. ತಪ್ಪು ನಂದು, ಇವರದ್ದಲ್ಲ. ಆದ್ರೆ ನಿಮಗೆ ಬಾಯಿಪಾಠ ಮಾಡಿಸಿದ್ದು ಯಾರು? ಆಸ್ಪತ್ರೆ ಯಾಕೆ ಆಚೆಗೆ ಹೋಗ್ಬೇಕು, ನಿಮ್ಮ ಮಾತಲ್ಲೇ ಹೇಳಿ ನೋಡೋಣ."

ಅಧಿಕಾರಿ ಫೈಲು ತೆರೆದರು, ಮುಚ್ಚಿದರು. ಕಿವಿ ಕೆಂಪಾಗಿತ್ತು. "ಅಲ್ಲಿ ಒಂದು ಕಟ್ಟಡ ಖಾಲಿ ಬಿದ್ದಿದೆ, ಮೇಡಂ. ಅಷ್ಟೇ."

"ರಸ್ತೆ?"

"ರಸ್ತೆ ಬಗ್ಗೆ ನನ್ನನ್ನ ಯಾರೂ ಕೇಳಿಲ್ಲ."

ಟೀಚರಮ್ಮ ತಿರುಗಿದರು. ಗಿರಣಿಯವಳು ಇನ್ನೂ ನಿಂತೇ ಇದ್ದಳು, ಕೂರಲು ಯಾರೂ ಹೇಳಿರಲಿಲ್ಲ. "ನೀನು ಹೇಳು."

"ಮತ್ತೆ ಮೊದಲಿಂದಾನಾ, ಟೀಚರ್?"

"ಬೋರ್ಡು ಸುಟ್ಟುಹೋಗ್ಲಿ. ಮೊದಲನೇ ದಿನ ಏನೋ ಹೇಳೋಕೆ ಹೊರಟಿದ್ಯಲ್ಲ, ಅದನ್ನ ಹೇಳು."

ಅವಳು ಸೆರಗಿನ ತುದಿ ಹಿಡಿದು ನೆಲ ನೋಡಿದಳು. "ನಮ್ಮನೆಯವರ ಕಾಲಲ್ಲಿ ಹುಣ್ಣು. ವಾರಕ್ಕೆ ಮೂರು ಸಲ ಕಟ್ಟು ಬದಲಾಯಿಸ್ಬೇಕು. ಹಿಟ್ಟಿನ ಮೂಟೆ ಹಾಕೋ ಕೈಗಾಡೀಲಿ ಕೂರಿಸ್ಕೊಂಡು ಇಲ್ಲಿನ ಆಸ್ಪತ್ರೆಗೆ ಬರ್ತೀನಿ. ಹೆದ್ದಾರಿ ಮಧ್ಯ ಡಿವೈಡರ್ ಇದ್ಯಲ್ಲ, ಮೊಣಕಾಲೆತ್ತರ, ಗಾಡಿ ಹತ್ತಲ್ಲ. ಹೋದ ವಾರ ಆ ಹೊಸ ಜಾಗಕ್ಕೆ ಹೋಗೋಕಾಗುತ್ತಾ ನೋಡೇಬಿಡೋಣ ಅಂತ ಹೋಗಿದ್ವಿ. ಅವರನ್ನ ಎತ್ತಿ ಅದರ ಮೇಲೆ ಕೂರಿಸ್ದೆ. ಗಾಡಿ ಎತ್ತೋಕಾಗ್ಲಿಲ್ಲ. ಗಾಡಿ ಬಿಟ್ಟು ಹೋದ್ರೆ ಆ ಕಡೆ ಹೊರೋಕಾಗಲ್ಲ, ಅವರನ್ನ ಬಿಟ್ಟು ಯಾರನ್ನಾದ್ರೂ ಕರ್ಯೋಕೆ ಹೋದ್ರೆ... ಎರಡೂ ಕಡೆ ಲಾರಿ, ಸಾರ್. 'ನೀನು ಹೋಗು, ನಾನು ಇಲ್ಲೇ ಕೂತಿರ್ತೀನಿ' ಅಂದ್ರು. ಎಲ್ಲಿಗೆ ಹೋಗ್ಲಿ? ನಾನೂ ಪಕ್ಕದಲ್ಲೇ ಕೂತೆ. ಒಂದು ಗಂಟೆ ಕೂತಿದ್ವಿ."

ಯಾರೂ ನಗಲಿಲ್ಲ. ಅಧಿಕಾರಿ ಬಹಳ ಹೊತ್ತು ಬರೆದರು. "ಗಾಡಿ ದಾಟೋ ದಾರಿ ಆಗೋವರೆಗೂ ಆಸ್ಪತ್ರೆ ಇಲ್ಲೇ ಇರ್ಬೇಕು ಅಂತ ಬರೆದಿದ್ದೀನಿ. ಮೇಲಿನವರು ಒಪ್ತಾರೋ ಇಲ್ವೋ ಗೊತ್ತಿಲ್ಲ. ಬರೆದಿರೋದಂತೂ ನಾನೇ."

ಹೊರಗೆ ಬಂದ ಮೇಲೆ ಕಂಡಕ್ಟರು ತಮ್ಮ ತಾಯಿಯ ವಯಸ್ಸಿನ ಬಗ್ಗೆ ದರ್ಜಿಯ ಜೊತೆ ಜಗಳವಾಡುತ್ತ ಮುಂದೆ ಹೋದರು. ಗಿರಣಿಯವಳು ಅಳುಕುತ್ತ ಹತ್ತಿರ ಬಂದಳು.

"ಚಪ್ಪಲಿ ವಿಷಯ ಬಿಟ್ಟೇಬಿಟ್ಟೆ, ಟೀಚರ್. ಎಲ್ಲಾ ಹಾಳು ಮಾಡಿದ್ನಾ?"

ಟೀಚರಮ್ಮನಿಗೆ ಅಳು ಬಂತು. ಇಷ್ಟು ವಾರ ತಾವು ಪಾಠ ಹೇಳುತ್ತಿದ್ದಾಗ ಗಿರಣಿಗೆ ಅಂಟಿದ ಕೆಳಗಿನ ಮನೆಯಲ್ಲೇ ಅವಳ ಗಂಡ ಕಾಲು ಚಾಚಿ ಮಲಗಿದ್ದ. ಮೆಟ್ಟಿಲು ಹತ್ತುವಾಗ ಇಳಿಯುವಾಗ ಒಂದು ದಿನವೂ ಇಣುಕಿರಲಿಲ್ಲ.

"ಕಾಲು ಈಗ ಹೇಗಿದೆ?" ಎಂದು ಕೇಳಿದರು.

"ಯಾರದ್ದು, ಟೀಚರ್?"

"ನಿಮ್ಮನೆಯವರದ್ದು ಕಣಮ್ಮ."

ಗಿರಣಿಯವಳು ಅವರ ಮುಖವನ್ನೇ ನೋಡಿದಳು. ಆಮೇಲೆ ಹೇಳತೊಡಗಿದಳು, ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿಕೊಂಡು, ನಡುನಡುವೆ ನಿಂತು ಕಣ್ಣೊರೆಸಿಕೊಂಡು. ಅವಳ ಮನೆ ಬರುವವರೆಗೂ ಟೀಚರಮ್ಮ ಒಂದು ಮಾತನ್ನೂ ತಿದ್ದಲಿಲ್ಲ.