ಹಳ್ಳದ ಮೇಲೆ ನಿಂತ ಬಸ್ಸುಗಳು

ಬೆಳಗಿನಿಂದ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ವಡೋದರಾದ ಅರಮನೆ ನೋಡಿ ಬಂದ ಪ್ರವಾಸಿಗರು ಕೃಷ್ಣರಾಜನ ಉಡುಪಿ ಹೋಟೆಲಿನಲ್ಲಿ ಬಿಸಿ ಬಿಸಿ ಇಡ್ಲಿ ತಿನ್ನುತ್ತಿದ್ದರು. ಅವರ ಬಸ್ಸುಗಳು ಹಿಂದಿನ ಹೊಸ ಪಾರ್ಕಿಂಗ್‌ನಲ್ಲಿದ್ದವು. ಹೋದ ವರ್ಷದವರೆಗೆ ಅಲ್ಲಿ, ಹಿಂದಿನ ಗಲ್ಲಿಯ ಮಳೆನೀರನ್ನು ಮೊಸಳೆಗಳಿರುವ ವಿಶ್ವಾಮಿತ್ರಿ ನದಿಗೆ ಒಯ್ಯುವ ಹಳ್ಳವಿತ್ತು. ಕೃಷ್ಣರಾಜ ಅದನ್ನು ಮಣ್ಣು ತುಂಬಿ ಮುಚ್ಚಿ, ಕಾಂಕ್ರೀಟ್ ಹಾಕಿಸಿ, ಗಲ್ಲಿಯ ಕಡೆಗೆ ಎದೆಮಟ್ಟದ ಗೋಡೆ ಎಬ್ಬಿಸಿದ್ದ.

"ಪ್ರವಾಸಿಗರು ಬರುವ ಕಡೆ ಹಳ್ಳ ಮುಚ್ಚಬಾರದು ಅಂತ ಹೊಸ ನಿಯಮ ಬಂದಿದೆಯಂತೆ," ಎಂದು ಹೆಂಡತಿ ಸುಮತಿ ಆಗಲೇ ಹೇಳಿದ್ದಳು.

"ನಿಯಮ ಮಾಡಿದವರು ಬಂದು ಬಸ್ಸನ್ನು ತಲೆ ಮೇಲೆ ಹೊರ್ತಾರಾ? ನಿಲ್ಲಿಸಲಿಕ್ಕೆ ಜಾಗ ಇಲ್ಲದಿದ್ರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾರೆ, ಮಾರಾಯ್ತಿ. ಅವರೂ ಮುಚ್ಚಿದ್ದಾರಲ್ಲ, ನಾನೊಬ್ಬ ಯಾಕೆ ಪೆಟ್ಟು ತಿನ್ನಬೇಕು?"

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತೊಂದರೆಯೇ ಅದು.

ಬಸ್ಸುಗಳು ಹೊರಟ ಮೇಲೆ ಸುಮತಿ ಹಿಂಬಾಗಿಲು ತೆರೆದಳು. ಗೋಡೆಯ ಬಿರುಕಿನಿಂದ ನೀರು ಚಿಮ್ಮುತ್ತಿತ್ತು.

"ಇಲ್ಲಿ ಬನ್ನಿ, ಬೇಗ!"

ಕೃಷ್ಣರಾಜ ಓಡಿಬಂದು ಗೋಡೆಯಾಚೆ ಇಣುಕಿದ. ಗಲ್ಲಿಯೇ ಕಾಣಲಿಲ್ಲ, ಗೋಡೆಯ ಅಂಚಿನವರೆಗೂ ಕಪ್ಪು ನೀರು. ಹೋಟೆಲಿಗೆ ದಿನಾ ಕೊತ್ತಂಬರಿ ತರುವ ಸುಲೋಚನಾಬೆನ್ ಗಲ್ಲಿಯಾಚೆಯ ತನ್ನ ಮನೆಯ ಕಿಟಕಿ ಹಿಡಿದು ಹಿಂದಿಯಲ್ಲಿ ಕೂಗುತ್ತಿದ್ದಳು.

"ಭಾಯ್, ಅತ್ತೆ ಮಂಚದಲ್ಲಿದ್ದಾರೆ, ಏಳಲಿಕ್ಕಾಗುವುದಿಲ್ಲ, ನೀರು ಮಂಚದ ಮೇಲಕ್ಕೇ ಬಂತು! ನೀರಿಗೆ ಇಳಿಯಬೇಡಿ, ಮೊಸಳೆ ಬಂದಿದೆ!"

ಅವಳ ತುಳಸಿಕಟ್ಟೆಯ ಪಕ್ಕದಲ್ಲಿ ಒರಟು ಬೆನ್ನೊಂದು ಮೇಲೆದ್ದು ಮುಳುಗಿತು. ಕೃಷ್ಣರಾಜ ಮೊಬೈಲ್ ತೆಗೆದ.

"ಅಗ್ನಿಶಾಮಕದವರಿಗೆ ಫೋನ್ ಮಾಡ್ತೇನೆ."

"ಅವರು ಬರುವಷ್ಟರಲ್ಲಿ ಅಜ್ಜಿ ಉಳೀತಾರಾ? ಗೋಡೆ ಒಡೀರಿ."

"ಒಡೆದ್ರೆ ನೀರು ನಮ್ಮ ಒಳಗೇ ನುಗ್ಗೋದು! ಅಡುಗೆಮನೆ, ಗ್ರೈಂಡರು, ಎಲ್ಲ ಹೋಗ್ತದೆ!"

"ಹೋಗ್ಲಿ," ಎಂದಳು ಸುಮತಿ. ಅವಳೇ ಹಾರೆ ತಂದು ಅವನ ಕೈಗಿತ್ತಳು.

ಬದಿಗೆ ನಿಂತು ಅವನು ಹೊಡೆಯುತ್ತಲೇ ಹೋದ. ಕೊನೆಗೊಮ್ಮೆ ಗೋಡೆ ಕುಸಿಯಿತು. ನೀರು ಪಾರ್ಕಿಂಗ್ ದಾಟಿ ಹೋಟೆಲಿನೊಳಗೆ ನುಗ್ಗಿ, ಮೇಜು ಕುರ್ಚಿಗಳನ್ನು ಮಗುಚಿ, ಮುಂದಿನ ರಸ್ತೆಗೆ ಹರಿಯಿತು. ಅತ್ತ ಸುಲೋಚನಾಬೆನ್ ಮನೆಯಲ್ಲಿ ನೀರು ಮಂಚದ ಕಾಲಿಗಿಳಿಯಿತು. ಅಜ್ಜಿ ಬದುಕಿಕೊಂಡರು. ಮೊಸಳೆಯನ್ನು ಮರುದಿನ ಅರಣ್ಯ ಇಲಾಖೆಯವರು ಹಿಡಿದೊಯ್ದರು.

ವಾರ ಕಳೆಯಿತು. ಹೋಟೆಲಿನ ಹಿಂದೆ ಕೃಷ್ಣರಾಜ ಕರೆಸಿದ ಜೆಸಿಬಿ ಹಳ್ಳ ಬಿಡಿಸಲು ಕಾಂಕ್ರೀಟ್ ಕೀಳುತ್ತಿದ್ದಾಗ ಮತ್ತೆ ಒಂದು ಬಸ್ ಬಂತು.

"ಎಲ್ಲಿ ನಿಲ್ಲಿಸಲಿ, ಶೇಠ್?" ಎಂದ ಡ್ರೈವರ್.

"ಎದುರಿನ ಹೋಟೆಲಿಗೆ ಹೋಗಿ." ಕೃಷ್ಣರಾಜ ಮತ್ತೆ ಕಪ್ಪಾಗುತ್ತಿದ್ದ ಆಕಾಶ ನೋಡಿದ. "ಆದ್ರೆ ಹಿಂದುಗಡೆ ನಿಲ್ಲಿಸಬೇಡಿ. ಅಲ್ಲೂ ಹಳ್ಳ ಇತ್ತು."