ಬ್ರೇಕಮ್ಮನ ಸಿಟ್ಟು

ಎಲ್ಲಿ ಕುಳಿತರೂ, ಅದು ಕಾರಿನ ಸೀಟಾಗಲಿ, ದಂತವೈದ್ಯರ ಕೋಣೆಯ ಬೆಂಚಾಗಲಿ, ಆಕೆಯ ಬಲಗಾಲು ತಾನೇ ತಾನಾಗಿ ಮುಂದೆ ಚಾಚಿ ನೆಲವನ್ನು ಒತ್ತುತ್ತಿತ್ತು. ಡ್ರೈವಿಂಗ್ ಕಲಿಸುವವರು ಕೂರುವ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಇಪ್ಪತ್ತೆರಡು ವರ್ಷ ಅದನ್ನು ತುಳಿದೂ ತುಳಿದೂ ಆ ಪಾದಕ್ಕೆ ಅದೇ ಸ್ವಭಾವವಾಗಿಬಿಟ್ಟಿತ್ತು. ಬೆನ್ನ ಹಿಂದೆ ಶಿಷ್ಯರೆಲ್ಲ ಕರೆಯುತ್ತಿದ್ದದ್ದು ಬ್ರೇಕಮ್ಮ ಎಂದೇ. ಮೈಮೇಲೆ ಗಂಡನ ಹಳೆಯ ಬೂದು ಕೋಟು, ತೋಳು ಎರಡು ಸುತ್ತು ಮಡಚಿದ್ದು. ಮಾತೋ, ಕತ್ತರಿ. "ಗೇರ್ ಹಾಕಿ ಅಂದೆ, ಕಿತ್ತುಹಾಕಿ ಅನ್ನಲಿಲ್ಲ" ಎಂದು ಮೊದಲ ದಿನವೇ ನನ್ನ ಮಾನ ಕಳೆದಿದ್ದರು.

ಎಲ್ಲ ಶಿಷ್ಯರಿಗೂ ಅವರದು ಒಂದೇ ಮಂತ್ರ: "ಪ್ರಾಣಿ ಕಂಡ್ರೆ ಸ್ಟೇರಿಂಗ್ ತಿರುಗಿಸಬೇಡಿ, ಬ್ರೇಕ್ ತುಳೀರಿ." ಗಾಬರಿಯಲ್ಲಿ ತಿರುಗಿಸಿದರೆ ಗಾಡಿ ಮಗುಚುತ್ತದೆ.

ನನ್ನ ಪಾಠದ ಹನ್ನೊಂದನೆಯ ದಿನ, ಮಧ್ಯಾಹ್ನ, ನಮ್ಮ ಮುಂದಿದ್ದ ಬಿಳಿ ಕಾರು ರಸ್ತೆ ದಾಟುತ್ತಿದ್ದ ನಾಯಿಯೊಂದಕ್ಕೆ ಬಡಿಯಿತು. ನನಗಿಂತ ಮೊದಲೇ ಬ್ರೇಕ್ ತುಳಿದು ಆಕೆ ಇಳಿದು ಓಡಿದರು. ಆ ಕಾರಿನವನು ಕರವಸ್ತ್ರದಿಂದ ಬಂಪರ್ ಒರೆಸುತ್ತಿದ್ದ. "ಅಡ್ಡ ಬಂತು" ಎಂದವನು, ಮುಖ ಗುರುತಿಸಿ ಅರಳಿದ. "ಓ, ಮೇಡಂ! ತಿರುಗಿಸಬೇಡ ಅಂತ ನೀವೇ ಹೇಳ್ಕೊಟ್ಟಿದ್ರಲ್ವಾ? ತಿರುಗಿಸಲೇ ಇಲ್ಲ ನೋಡಿ!"

"ಅಡ್ಡ ಬಂದಿದ್ದು ಅದಲ್ಲ, ನೀನು! ಅದು ಹುಟ್ಟಿ ಬೆಳೆದ ಬೀದಿ ಇದು. ಬ್ರೇಕ್ ಏನು ಚಂದಕ್ಕೆ ಇಟ್ಟಿದಾರಾ?"

"ಒಂದು ಬೀದಿನಾಯಿಗೆ ಇಷ್ಟೊಂದಾ ಮೇಡಂ" ಎಂದು ಅವನು ಹೊರಟೇಹೋದ. ಆಕೆ ನಾಯಿಯನ್ನು ಕೋಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಪಶುವೈದ್ಯರ ಬಾಗಿಲು ಮುಟ್ಟುವ ಮೊದಲೇ ಅದರ ಉಸಿರು ನಿಂತಿತು. ದಾರಿಯುದ್ದಕ್ಕೂ ನಾನು ಗೇರನ್ನು ಕಿರುಗುಟ್ಟಿಸಿದೆ, ಆಕೆ ಒಮ್ಮೆಯೂ ಬೈಯಲಿಲ್ಲ.

ಆಮೇಲೆ ಎಂಟು ದಿನ ಆಕೆ ಕೆಲಸಕ್ಕೆ ಬರಲಿಲ್ಲ. ನಾನು ಮನೆಗೆ ಹೋದರೆ, ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದರು. "ನಿದ್ದೆ ಇಲ್ಲ, ಊಟ ಇಲ್ಲ, ಒಂದು ಹನಿ ಕಣ್ಣೀರೂ ಇಲ್ಲ. ಮರೆತುಬಿಡೇ ಅಂದ್ರೆ ನನ್ನ ಮೇಲೇ ಉರಿದುಬೀಳ್ತಾಳೆ" ಎಂದರು ಅವರಕ್ಕ.

"ಮರೀಬೇಕಂತೆ!" ಬ್ರೇಕಮ್ಮ ಪಾತ್ರೆಯನ್ನು ಕುಕ್ಕಿದರು. "ಅವನನ್ನ ಸಿಗಿದುಹಾಕೋಣ ಅನ್ಸುತ್ತೆ, ನಿಜ. ಆದ್ರೆ 'ತಿರುಗಿಸಬೇಡ' ಅನ್ನೋದನ್ನ ಮೊದಲು ಹೇಳಿ, 'ತುಳಿ' ಅನ್ನೋದನ್ನ ಆಮೇಲೆ ಹೇಳಿದವಳು ಯಾರು? ಅರ್ಧ ಕಿವಿಗೆ ಹೋಯ್ತು, ಅರ್ಧ ಗಾಳಿಗೆ. ಇನ್ನು ಕಲಿಸಲ್ಲ ನಾನು."

"ನೀವು ಬಿಟ್ರೆ ಅಂಥವರಿಗೆ ಇನ್ಯಾರೋ ಕಲಿಸ್ತಾರೆ" ಎಂದೆ. "ಅವರು ಆ ಉಳಿದರ್ಧಾನೂ ಹೇಳದಿದ್ರೆ?"

ನುಂಗುವಂತೆ ನೋಡಿದರು. ಮರುದಿನ ಬಂದರು, ಒಗೆದರೂ ಕಲೆ ಬಿಡದ ಅದೇ ಕೋಟಿನಲ್ಲಿ. ಮಂತ್ರ ತಿರುವುಮುರುವಾಗಿತ್ತು: "ಮೊದಲು ತುಳೀರಿ. ತಿರುಗಿಸಬೇಡಿ." ಅಷ್ಟಕ್ಕೇ ಬಿಡುವ ಜೀವವೇ ಅದು? ಹಳೆಯ ದಾಖಲೆಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ತಾವು ಕಲಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡತೊಡಗಿದರು: ನಾನು ತಪ್ಪು ಕ್ರಮದಲ್ಲಿ ಹೇಳಿಕೊಟ್ಟಿದ್ದೆ, ತಿದ್ದಿಕೊಳ್ಳಿ. ಕೆಲವರು ನಕ್ಕರು, ತಲೆ ಕೆಟ್ಟಿದೆ ಎಂದವರೂ ಉಂಟು. ಬಿಳಿ ಕಾರಿನವನು ಮಾತ್ರ ಎತ್ತಲಿಲ್ಲ. ಅವನು ಗಾಡಿ ತೆಗೆಯುವ ಮೊದಲೇ, ದಿನವೂ ಬೆಳಿಗ್ಗೆ ಎಂಟಕ್ಕೆ, ಹಲ್ಲು ಕಚ್ಚಿ ಕರೆ ಮಾಡುತ್ತಿದ್ದರು.

ಮೂರನೆಯ ವಾರ ಎತ್ತಿದ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು: "ನೀವು ಎಲ್ರಿಗೂ ಹೇಳ್ತಿರೋದು ನನಗೂ ಗೊತ್ತಾಯ್ತು ಮೇಡಂ. ಮೊದಲು ತುಳೀಬೇಕು. ನಿನ್ನೆ ಒಂದು ಬೆಕ್ಕು ಕಂಡು ಬ್ರೇಕ್ ತುಳಿದೆ." ಆಕೆ ಫೋನು ಇಟ್ಟು, ಕೋಟಿನ ತೋಳಿನಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತರು.

ಇಂಥವರನ್ನು ನಾವು ಸಿಡುಕರೆಂದು ದೂರವಿಡುತ್ತೇವೆ. ಕರುಣೆಯೆಂದರೆ ಮೆತ್ತಗೆ ಮಾತಾಡುವುದೆಂದು ನಮ್ಮ ಎಣಿಕೆ. ಆದರೆ ರಸ್ತೆಯಲ್ಲಿ ಬಿದ್ದ ಜೀವವನ್ನು ಕಂಡು, ಅಯ್ಯೋ ಪಾಪ ಎಂದು, ಗಾಜು ಏರಿಸಿಕೊಂಡು ಮುಂದೆ ಸಾಗುವ ನಮ್ಮ ಆ ಮಾರ್ದವದಿಂದ ಒಂದೇ ಒಂದು ಗಾಡಿಯಾದರೂ ನಿಂತದ್ದನ್ನು ನಾನಂತೂ ಕಾಣೆ.